ಕಪ್ಪು ಬಟ್ಟೆ ಹಿಡಿದ ಅಕ್ಕ

ಕಳೆದ ಭಾನುವಾರ ಮುಂಬಯಿ ಹತ್ತಿರದ ಐರೋಲಿಯ ನಮ್ಮ ಕಟ್ಟಡದ ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗ ಯಾರದೋ ಅಡುಗೆಮನೆಯಿಂದ ಮರುವಾಯಿ ಚಿಪ್ಪುಮೀನು ಬೇಯುವ ವಾಸನೆ ಬರುತ್ತಿತ್ತು. ಬಿಸಿಗೆ ಚಿಪ್ಪುಗಳು ಬಾಯಿ ಬಿಟ್ಟಾಗ ಏಳುವ, ಉಪ್ಪುಪ್ಪಾದ ಹಬೆ. ನಾನು ವಿಜಯಪುರದ ಕಡೆಯವನು, ಮೀನು ಗೀನು ತಿನ್ನದವನು. ಆದರೂ ಬೀಗದ ಕೈ ಹಿಡಿದುಕೊಂಡು ಬಾಗಿಲ ಮುಂದೆ ಸುಮ್ಮನೆ ನಿಂತುಬಿಟ್ಟೆ. ಡೊಂಬಿವಲಿಯ ಎದುರುಮನೆ ಅಕ್ಕ ನೆನಪಾದರು…

ಡಿಜಿಟಲ್ ಕ್ಯಾಮೆರಾ ನಮ್ಮಂಥವರ ಕೈಗೆ ಸಿಕ್ಕ ಹೊಸತು ಅದು. ಠಾಣೆ ಶಹರದಲ್ಲಿ ನೌಕರಿ, ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಮದುವೆ ಇಲ್ಲ. ಇದ್ದ ಒಂದೇ ಹಾಲ್‌ನಲ್ಲಿ ಅರ್ಧವನ್ನು ಮೀನಿನ ತೊಟ್ಟಿಗೆ ಬಿಟ್ಟುಕೊಟ್ಟಿದ್ದೆ. ಅದರಲ್ಲಿ ಆಫ್ರಿಕನ್ ಸಿಕ್ಲಿಡ್‌ಗಳು. ನೋಡಲು ನೀಲಿ, ಹಳದಿ, ಕಣ್ಣು ತುಂಬುವ ಬಣ್ಣ. ಸ್ವಭಾವ ಮಾತ್ರ ಬೆಳಗಿನ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನಿಂತವರದು. ಒಂದೊಂದು ಕಲ್ಲಿಗೂ ಒಬ್ಬೊಬ್ಬ ಯಜಮಾನ, ಹತ್ತಿರ ಬಂದವನ ರೆಕ್ಕೆ ಹರಿಯದೆ ಬಿಡುತ್ತಿರಲಿಲ್ಲ.

ಈ ಮೀನುಗಳಿಗೆ ಗಡಸು ನೀರೇ ಬೇಕು. ನೀರು ಗಡಸಾಗಲು ತೊಟ್ಟಿಯಲ್ಲಿ ಚಿಪ್ಪು ಹಾಕಬೇಕು. ಅಂಗಡಿಯವನು ಅದಕ್ಕೆ ಬಾಯಿಗೆ ಬಂದ ರೇಟು ಹೇಳುತ್ತಿದ್ದ. ಎದುರುಮನೆ ಅಕ್ಕ ಉಡುಪಿ ಕಡೆಯವರು, ಗಂಡ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ಮರುವಾಯಿ ಮಾಡಿದಾಗಲೆಲ್ಲ ಅಕ್ಕ ಚಿಪ್ಪುಗಳನ್ನು ತಿಕ್ಕಿ ತೊಳೆದು, ಕಿಟಕಿಯ ಗ್ರಿಲ್‌ನಲ್ಲಿ ಒಣಗಿಸಿ, ಡಬ್ಬಿ ತುಂಬಿ ತಂದುಕೊಡುತ್ತಿದ್ದರು. ಕೊಟ್ಟು ಸುಮ್ಮನೆ ಹೋಗುವವರಲ್ಲ.

"ಸಾರಿಗೂ ಆಗದ ಮೀನಿಗೆ ಇಷ್ಟು ದೊಡ್ಡ ಮನೆ! ನಿನಗೆ ಹೆಣ್ಣು ಕೊಡುವವರು ಇದನ್ನು ನೋಡಿದ್ರೆ ಓಡ್ತಾರೆ ಮಾರಾಯ" ಎಂದು ಗಹಗಹಿಸಿ ನಗುತ್ತಿದ್ದರು. ಮೈ ತುಂಬಿಕೊಂಡ ಹೆಂಗಸು. ನಕ್ಕರೆ ಕೆನ್ನೆಯೊಳಗೆ ಕಣ್ಣು ಮುಚ್ಚಿಹೋಗುತ್ತಿದ್ದವು.

ತೊಟ್ಟಿಯ ಮೀನಿನ ಫೋಟೋ ತೆಗೆಯುವುದು ಸುಲಭವಲ್ಲ. ಗಾಜು ಕನ್ನಡಿಯಂತೆ ಎಲ್ಲವನ್ನೂ ತೋರಿಸುತ್ತದೆ. ಮೀನಿನ ಮೈಮೇಲೆ ನನ್ನ ಮೂಗು, ಹಿಂದಿನ ಕ್ಯಾಲೆಂಡರ್ ಎಲ್ಲ ಬಂದು ಕೂರುತ್ತಿದ್ದವು. ಅದಕ್ಕೊಂದು ಉಪಾಯವಿತ್ತು. ಕಿಟಕಿ ಮುಚ್ಚಿ, ತೊಟ್ಟಿಯ ಮೇಲಿನ ದೀಪವೊಂದನ್ನೇ ಉಳಿಸಿ, ನನ್ನ ಬೆನ್ನ ಹಿಂದೆ ಕಪ್ಪು ಬಟ್ಟೆ ಹಿಡಿಸುವುದು. ಹಿಡಿಯುತ್ತಿದ್ದವರು ಅಕ್ಕ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದು, ನನ್ನ ಹಳೆಯ ಕಪ್ಪು ಬೆಡ್‌ಶೀಟಿನ ಎರಡು ತುದಿಗಳನ್ನು ಎತ್ತಿ ಹಿಡಿದು, ಅದರ ಹಿಂದೆ ತಾವು ಪೂರ್ತಿ ಮರೆಯಾಗಿ ನಿಲ್ಲುತ್ತಿದ್ದರು. ಕೈ ನೋಯುತ್ತಿತ್ತೇನೋ… ನಾನು ಕೇಳಿದ ನೆನಪಿಲ್ಲ.

"ನಂದೂ ಒಂದು ತೆಗಿ. ಊರಲ್ಲಿ ತಂಗಿಗೆ ಕಳಿಸ್ಲಿಕ್ಕೆ. ಬೊಂಬಾಯಿಗೆ ಬಂದು ನಾನು ದಪ್ಪ ಆದದ್ದು ಅಂದ್ರೆ ಅವಳು ನಂಬುದೇ ಇಲ್ಲ" ಎಂದು ಆಗಾಗ ಹೇಳುತ್ತಿದ್ದರು. ಗಂಡನಿಗೆ ರಜೆ ಸಿಗದೆ ಎಷ್ಟೋ ವರ್ಷಗಳಿಂದ ಊರಿಗೆ ಹೋಗಿರಲಿಲ್ಲ. ತೆಗೆಯೋಣ ಎನ್ನುತ್ತಿದ್ದೆ. ಮೆಮೊರಿ ಕಾರ್ಡ್ ತುಂಬ ಮೀನುಗಳೇ ಇರುತ್ತಿದ್ದವು.

ಒಂದು ಭಾನುವಾರ ಅಕ್ಕ ಗಿಣಿಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಯಾಕೆ ಬಂದಿದ್ದಾರೆಂದು ನನಗೆ ಗೊತ್ತಾಗಲಿಲ್ಲವೆಂದರೆ ಸುಳ್ಳು. ಆದರೆ ಆಗ ತಾನೇ ತೊಟ್ಟಿಯ ಗಾಜಿಗೆ ಪುಟ್ಟ ಕನ್ನಡಿ ಹಿಡಿದು ನೀಲಿ ಗಂಡುಮೀನನ್ನು ಕೆರಳಿಸಿದ್ದೆ. ಕನ್ನಡಿಯಲ್ಲಿ ಕಂಡವನನ್ನು ವೈರಿಯೆಂದುಕೊಂಡು ಅದು ರೆಕ್ಕೆ ಬಿಚ್ಚಿ, ಬಾಯಿ ತೆರೆದು, ಹಿಂದೆಂದೂ ಇಲ್ಲದ ಬಣ್ಣದಲ್ಲಿ ನಿಂತಿತ್ತು. ಅಷ್ಟರಲ್ಲಿ ಗಾಜಿನ ತುಂಬ ಹಸಿರು.

"ಅಕ್ಕಾರ, ನಿಮ್ಮ ಸೀರಿ ಗಾಜಿನ್ಯಾಗ ಬರಾಕತ್ತೈತ್ರಿ. ಲಗೂನ ಬಟ್ಟಿ ಹಿಡೀರಿ" ಎಂದೆ. ತಿರುಗಿ ಕೂಡ ನೋಡಲಿಲ್ಲ.

"ಆಯ್ತು, ಮೀನಿದ್ದು ಮೊದಲು ಆಗ್ಲಿ" ಎಂದರು ಅಕ್ಕ. ಬೆಡ್‌ಶೀಟ್ ಎತ್ತಿದ ಸದ್ದು ಕೇಳಿತು.

ಚಿತ್ರ ಅದ್ಭುತವಾಗಿ ಬಂತು. ಕುಣಿದಾಡುತ್ತ ಕಂಪ್ಯೂಟರಿಗೆ ಹಾಕಿ ನೋಡುತ್ತ ಕುಳಿತೆ. ಅಕ್ಕ ಎಷ್ಟು ಹೊತ್ತು ನಿಂತಿದ್ದರೋ, ಯಾವಾಗ ಹೋದರೋ ಗೊತ್ತಾಗಲಿಲ್ಲ. ಬೆಡ್‌ಶೀಟ್ ಮಡಚಿ ಕುರ್ಚಿಯ ಮೇಲಿಟ್ಟಿದ್ದರು.

ಆ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡದ್ದು ಮಾಮೂಲಿಯಾಗಿರಲಿಲ್ಲ. ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ.

ನಾಲ್ಕಾರು ದಿನ ಬಿಟ್ಟು ಅವರ ಗಂಡ ನನ್ನ ಬಾಗಿಲು ತಟ್ಟಿದರು. "ಗೋಡೆಗೆ ಹಾಕ್ಲಿಕ್ಕೆ ಒಂದು ಫೋಟೋ ಬೇಕಿತ್ತು. ನಿಮ್ಮಲ್ಲಿ ಬೇಕಾದಷ್ಟು ಉಂಟಲ್ಲ? ಪ್ರತಿ ಭಾನುವಾರ ಫೋಟೋ ತೆಗೀಲಿಕ್ಕೆ ಅಂತ ಇಲ್ಲಿಗೇ ಬರ್ತಿದ್ಲು" ಎಂದರು.

ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಂಪ್ಯೂಟರ್ ಪೂರ್ತಿ ಹುಡುಕಿದೆ. ಮೀನು, ಮೀನು, ಮೀನು. ಗಾಜಿನಲ್ಲಿ ಅಕ್ಕನ ಬಳೆಯೋ ಕೆನ್ನೆಯೋ ಮೂಡಿದ್ದ ಚಿತ್ರಗಳೂ ಇದ್ದವು ಒಂದು ಕಾಲದಲ್ಲಿ. ಕೆಟ್ಟ ಫೋಟೋ ಎಂದು ಆಗಿಂದಾಗಲೇ ಅಳಿಸಿಹಾಕಿದ್ದೆ. ಪಕ್ಕದಲ್ಲಿ ಕುಳಿತ ಮನುಷ್ಯ ಒಂದೊಂದು ಮೀನನ್ನೂ ಬಗ್ಗಿ ಬಗ್ಗಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಸಿಕ್ಕಿದ್ದು ಬ್ಯಾಂಕ್ ಪಾಸ್‌ಬುಕ್ಕಿಗೆ ಅಂಟಿಸಿದ್ದ ಫೋಟೋ, ಮದುವೆಯಾಗಿ ಬಂದ ಹೊಸತರಲ್ಲಿ ತೆಗೆಸಿದ್ದು. ನಾನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದೆ. ಒಣಗಿದ ಕಡ್ಡಿಯಂಥ, ಬೆದರಿದ ಹುಡುಗಿ. ಉತ್ತರಕ್ರಿಯೆಯ ದಿನ ಊರಿಂದ ಬಂದ ತಂಗಿ ಅದರ ಮುಂದೆ ನಿಂತರು.

"ಸಪೂರವೇ ಇದ್ದಾಳಲ್ಲ… ಫೋನಿನಲ್ಲಿ ದಪ್ಪ ಆಗಿದ್ದೇನೆ, ದಪ್ಪ ಆಗಿದ್ದೇನೆ ಅಂತಿದ್ಲು. ನನಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳಿದ್ದು" ಎಂದು ಅತ್ತರು.

"ಇಲ್ರಿ, ಇದು ಹಳೇ ಫೋಟೋರಿ. ಖರೇನ ದಪ್ಪ ಆಗಿದ್ರು. ಚೊಲೋ ಇದ್ರು" ಎಂದೆ. ಸಮಾಧಾನಕ್ಕೆ ಆಡಿದ ಮಾತೆಂದುಕೊಂಡು ಅವರು ತಲೆಯಾಡಿಸಿದರು.

ಆ ವರ್ಷವೇ ಮೀನುಗಳನ್ನು ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಡೊಂಬಿವಲಿಯೂ ಬಿಟ್ಟಿತು. ಈಗ ನನ್ನ ಮಗಳು ಮಾತಿಗೊಂದರಂತೆ ಫೋನಿನಲ್ಲಿ ಫೋಟೋ ತೆಗೆಯುತ್ತಾಳೆ. ಗಾಜು, ನೆರಳು, ಏನು ಬಂದರೂ ಅವಳು ಅಳಿಸುವುದಿಲ್ಲ.

ಮೊನ್ನೆ ಆ ವಾಸನೆ ಬಂದ ಮೇಲೆ ಮನೆಯೊಳಗೆ ಹೋಗಿ ಆ ನೀಲಿ ಮೀನಿನ ಚಿತ್ರ ತೆರೆದೆ. ದೊಡ್ಡದು ಮಾಡಿ, ಮೂಲೆ ಮೂಲೆಯಲ್ಲಿ ಹಸಿರಿನ ಒಂದು ಎಳೆಗಾಗಿ ಹುಡುಕಿದೆ. ಗಾಜಿನಲ್ಲಿ ಬರೀ ಕಪ್ಪು. ಅಕ್ಕ ಬಟ್ಟೆಯನ್ನು ಒಂದಿಷ್ಟೂ ಅಲುಗಾಡಿಸದೆ ಹಿಡಿದಿದ್ದರು.