ರೇಖಕ್ಕನ ಹೆಸರಿಗೆ ಬಿದ್ದ ನಾಲ್ಕು ದಿನ

ಎರಡು ವರ್ಷದ ಹಿಂದೆ ನಾನು ದಾವಣಗೆರೆಯ ವಿದ್ಯಾನಗರದಲ್ಲಿ, ಏಳು ಜನರ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಟ್ರೈನಿ ಡೆವಲಪರ್ ಆಗಿದ್ದೆ. ನನ್ನ ಜೊತೆಗೇ ಸೇರಿದವಳು ಭಾನುವಳ್ಳಿಯ ರೇಖಾ. ಒಂದು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಆರು ತಿಂಗಳಾದ ಮೇಲೆ ಇಬ್ಬರಲ್ಲಿ ಒಬ್ಬರನ್ನಷ್ಟೇ ಕಾಯಂ ಮಾಡುವುದಾಗಿ ಮಾಲೀಕರು ಮೊದಲೇ ಹೇಳಿದ್ದರು.

ಕೋಡ್‌ನಲ್ಲಿ ಮಾಡಿದ ಪ್ರತಿ ಬದಲಾವಣೆಯೂ ಗಿಟ್ ಎಂಬ ವ್ಯವಸ್ಥೆಯಲ್ಲಿ, ಮಾಡಿದವರ ಹೆಸರಿನೊಂದಿಗೆ ದಾಖಲಾಗುತ್ತದೆ. ದಿನದ ಆ ದಾಖಲೆಗಳನ್ನು ಓದಿ, ಯಾರು ಏನು ಮಾಡಿದರೆಂಬ ಸಾರಾಂಶವನ್ನು ಸಂಜೆ ಐದೂವರೆಗೆ ಮಾಲೀಕರಿಗೆ ಕಳಿಸುವುದು ನನ್ನ ಹೊಣೆ.

ಐದನೇ ತಿಂಗಳು ಹರಿಹರದ ಅಕ್ಕಿ ಗಿರಣಿಯೊಂದಕ್ಕೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್ ಕೈಕೊಟ್ಟಿತು. ಒಂದೇ ಲಾರಿಯ ತೂಕ ಎರಡು ಸಲ ದಾಖಲಾಗುತ್ತಿತ್ತು. ಮಾಲೀಕರು ಊರಲ್ಲಿರಲಿಲ್ಲ. ನಾನು ಹೊರಟೆ. ಲ್ಯಾಪ್‌ಟಾಪ್ ಇದ್ದದ್ದು ರೇಖಕ್ಕನಿಗೆ ಮಾತ್ರ.

"ನಂದೇ ತಗಂಡೋಗೇ. ನಾನು ನಿನ್ ಸಿಸ್ಟಮ್ಮಾಗೆ ಕುಂತ್ಕಂತೀನಿ" ಎಂದಳು.

ನಾಲ್ಕು ದಿನ ತೌಡಿನ ಧೂಳಿನಲ್ಲಿ ಕೂತು ತಪ್ಪು ಹುಡುಕಿ ಸರಿಪಡಿಸಿದೆ. ಆದರೆ ಗಿಟ್‌ಗೆ ಬೆರಳು ಯಾರದೆಂದು ತಿಳಿಯದು. ಯಂತ್ರದಲ್ಲಿ ಬರೆದಿಟ್ಟ ಹೆಸರನ್ನೇ ಅದು ಹಾಕುತ್ತದೆ. ನನ್ನ ಕೆಲಸವೆಲ್ಲ ಅವಳ ಹೆಸರಿಗೆ ಹೋಯಿತು. ಕಚೇರಿಯಲ್ಲಿ ಅವಳು ಬದಲಿಸಿದ ಬಟನ್ ಬಣ್ಣಗಳು ನನ್ನ ಹೆಸರಿಗೆ ಬಂದವು. ಮೊದಲ ಸಂಜೆಯೇ ಅವಳಿಗೆ ಫೋನಿನಲ್ಲಿ ತಿಳಿಸಿದೆ.

"ಇರ್ಲಿ ಬಿಡೇ. ಸರ್ ಬಂದ್ಮೇಲೆ ನಾನೇ ಹೇಳ್ತೀನಿ."

ಅವಳ ಯಂತ್ರದ ಸೆಟ್ಟಿಂಗ್ ಮುಟ್ಟಲು ಸಂಕೋಚ. ಸಾರಾಂಶದಲ್ಲಿ ನನ್ನ ಹೆಸರನ್ನು ನಾನೇ ತುರುಕಲು ಇನ್ನಷ್ಟು ಸಂಕೋಚ. ಗಿಟ್ ತೋರಿಸಿದ್ದನ್ನೇ ನಾಲ್ಕೂ ಸಂಜೆ ಕಳಿಸಿದೆ.

ತೀರ್ಮಾನದ ದಿನ ಮಾಲೀಕರು ನಮ್ಮಿಬ್ಬರನ್ನೂ ಕೂರಿಸಿ ಆ ನಾಲ್ಕು ಸಂಜೆಯ ಸಾರಾಂಶದ ಹಾಳೆಗಳನ್ನು ಮುಂದಿಟ್ಟರು.

"ಗಿರಣಿ ಕೋಡು ತಾನೇ ಇಲ್ಲಿಂದ ಸರಿಮಾಡ್ದೆ, ನೀನು ಅಲ್ಲಿ ಬರೀ ಟೆಸ್ಟ್ ಮಾಡ್ದೆ ಅಂತಾಳೆ ರೇಖಾ. ಇದ್ರಾಗೂ ಹಂಗೇ ಐತಲ್ಲಮ್ಮಾ? ಇದ್ನ ಬರ್ದಾಕಿನೂ ನೀನೇ."

"ಅಕ್ಕಾ, ನೀನಾದ್ರೂ ಹೇಳು" ಎಂದೆ.

ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. "ಗಿಟ್ಟಾಗೆ ಏನೈತೋ ಅದೇ ಅಲ್ವೇನೇ?"

ಲ್ಯಾಪ್‌ಟಾಪ್ ಬದಲಾದದ್ದನ್ನು ವಿವರಿಸಿದೆ. "ಆವತ್ತೇ ಯಾಕ ಬರೀಲಿಲ್ಲ?" ಎಂದರು ಮಾಲೀಕರು. ಕೆಲಸ ರೇಖಕ್ಕನಿಗಾಯಿತು.

ಈಗ ಬೇರೆ ಕಚೇರಿಯಲ್ಲಿದ್ದೇನೆ. ಸಾರಾಂಶ ಬರೆಯುವುದು ಇಲ್ಲೂ ನನ್ನದೇ. ಕಳಿಸುವ ಮುಂಚೆ ಪ್ರತಿ ಮೇಜಿಗೂ ಹೋಗಿ, ಇದನ್ನು ಮಾಡಿದ್ದು ನೀವೇನಾ ಎಂದು ಕೇಳುತ್ತೇನೆ. "ಬಂದ್ಲು ನೋಡಪ್ಪ ಜನಗಣತಿಯಾಕಿ" ಎಂದು ನಗುತ್ತಾರೆ. ನಗಲಿ. ದಾಖಲೆ ತಾನಾಗಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ತಪ್ಪೆಂದು ಗೊತ್ತಿದ್ದೂ ಸುಮ್ಮನೆ ಮುಂದಕ್ಕೆ ಕಳಿಸಿದವಳು ನಾನು. ರೇಖಕ್ಕ ಅದಕ್ಕೆ ಒಂದೇ ಒಂದು ಮಾತು ಸೇರಿಸಿದಳು, ಅಷ್ಟೇ.