ಲಾಭದಿಂದ ಎಣಿಸಲು ಕಲಿತ ಕಂಪ್ಯೂಟರು

ಮೊನ್ನೆ ರಾಣೆಬೆನ್ನೂರಿನ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹುರಿಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಮಗಳಿಗೆ ಹೊಸದು ಬಂದ ಮೇಲೆ ನನ್ನ ಪಾಲಿಗೆ ಉಳಿದ ಹಳೆಯದು ಅದು. ಸ್ವಲ್ಪ ಹೊತ್ತು ನಡೆಸಿದರೆ ಸಾಕು, ತವೆಯ ಹಾಗೆ ಕಾಯುತ್ತದೆ, ಒಳಗಿನ ಫ್ಯಾನು ಗೊರಗುಟ್ಟುತ್ತದೆ. ಆ ಬಿಸಿ ಧೂಳಿನ ವಾಸನೆಯೂ ಮೆಣಸಿನಕಾಯಿಯ ಘಾಟೂ ಒಟ್ಟಿಗೆ ಮೂಗಿಗೆ ಹತ್ತಿದ್ದೇ ತಡ, ಸೀನಿನ ಮೇಲೆ ಸೀನು ಬಂತು, ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನಾನು ಬ್ಯಾಡಗಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ. ನಿಮಗೂ ಇಂಥದೊಂದು ವಾಸನೆ ಇರಬಹುದು, ಹೇಳದೆ ಕೇಳದೆ ಕೈಹಿಡಿದು ಎಳೆದುಕೊಂಡು ಹೋಗುವಂಥದ್ದು. ದೇವರು ಮನೆಗಳನ್ನು ಹಿಂದಕ್ಕೆ ಕೊಡುವುದಿಲ್ಲ, ವಾಸನೆಯನ್ನಾದರೂ ಉಳಿಸಿಕೊಡುತ್ತಾನೆ. ಅಷ್ಟು ದಯೆಯೂ ಸಣ್ಣದಲ್ಲ.

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಸುಗ್ಗಿಯಲ್ಲಿ ಅಂಗಳದ ತುಂಬ ಕೆಂಪು ರಾಶಿ, ಹಾಸಿಗೆ ಕೊಡವಿದರೂ ಘಾಟು. ಬಂದ ಬೀಗರು ಮೊದಲು ಸೀನಿ, ಆಮೇಲೆ ಮಾತಾಡಿಸುತ್ತಿದ್ದರು. ಅಂಥ ಮನೆಗೆ ಹಲಗೇರಿಯಿಂದ ಗಿರಿಜಾ ಕಾಕಿ ಸೊಸೆಯಾಗಿ ಬಂದರು, ನನ್ನ ಅಪ್ಪನ ತಮ್ಮ ಬಸಣ್ಣ ಕಾಕಾನ ಹೆಂಡತಿಯಾಗಿ. ಮದುವೆಗೆ ಮುಂಚೆ ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ಕಲಿತವರು. ತವರಿನವರು ಹಂಡೆ, ಕೊಡಗಳ ಜೊತೆಗೆ ಒಂದು ಕಂಪ್ಯೂಟರನ್ನೂ ಟೆಂಪೋದಲ್ಲಿ ಹೇರಿ ಕಳಿಸಿದ್ದರು. ಅದನ್ನು ಎಲ್ಲಿಡಬೇಕೆಂದು ಯಾರಿಗೂ ಹೊಳೆಯದೆ ಕೊನೆಗೆ ದೇವರ ಜಗಲಿಯ ಮಗ್ಗುಲಲ್ಲೇ ಇಟ್ಟರು. ಅಜ್ಜ ಬೆಳಿಗ್ಗೆ ಪೂಜೆ ಮುಗಿಸಿ, ಕೈಯಲ್ಲಿ ಉಳಿದ ವಿಭೂತಿಯನ್ನು ಅದರ ಹಣೆಗೂ ಹಚ್ಚುತ್ತಿದ್ದರು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಕಾಕಿ ಕಂಪ್ಯೂಟರನ್ನು ಚಾಲೂ ಮಾಡಿದಾಗಲೆಲ್ಲ ದೂರದಿಂದಲೇ ಕೈಮುಗಿಯುತ್ತಿದ್ದಳು. "ಅದು ದೇವ್ರಲ್ರಿ ಅತ್ತಿ" ಎಂದು ಕಾಕಿ ನಕ್ಕರೆ, "ದೇವ್ರಲ್ಲದ್ದು ಯಾವುದೈತಿ ತೋರ್ಸ ನೋಡೋಣು" ಎನ್ನುತ್ತಿದ್ದಳು.

ಕರೆಂಟು ಬಂದಾಗ ಬಂತು, ಇಲ್ಲದಾಗ ಇಲ್ಲ. ಹಾಗಾಗಿ ನಾನು ಪ್ರೋಗ್ರಾಮ್ ಬರೆಯಲು ಕಲಿತದ್ದು ಯಂತ್ರದ ಮುಂದಲ್ಲ, ಒಲೆಯ ಮುಂದೆ. ಕಾಕಿ ರೊಟ್ಟಿ ಬಡಿಯುವ ಮುನ್ನ ಹಿಟ್ಟು ನಾದುವ ಮರದ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹರವಿ, ಬೆರಳಿನಿಂದ ಚೌಕಗಳನ್ನು ಎಳೆದು, ಒಂದರಿಂದ ಒಂದಕ್ಕೆ ಬಾಣ ಹಾಕುತ್ತಿದ್ದರು. ಇಲ್ಲಿಂದ ಶುರು, ಇಲ್ಲಿ ಒಂದು ಪ್ರಶ್ನೆ, ಹೌದಾದರೆ ಈ ಕಡೆ, ಅಲ್ಲವಾದರೆ ತಿರುಗಿ ಮೇಲಕ್ಕೆ. ನಾನು ಒಂದೊಂದು ಚೌಕದ ಮೇಲೂ ಬೆರಳಿಟ್ಟು ಯಂತ್ರ ನಡೆಯುವ ದಾರಿಯನ್ನು ನಡೆಯಬೇಕು. ಎಡವಿದೆನೋ, "ಅಗದಿ ಬರೋಬ್ಬರಿ ಬಿದ್ದಿ ನೋಡು, ಎದ್ದು ಮತ್ತ ಬಾ" ಎನ್ನುತ್ತಿದ್ದರು. ದಾರಿ ಸರಿಯಾದ ಮೇಲೆ ಬಿಸಿನೀರು ಸುರಿದು ಎಲ್ಲವನ್ನೂ ನಾದಿ ರೊಟ್ಟಿ ಮಾಡುತ್ತಿದ್ದರು. ಹೀಗೆ ಎಷ್ಟು ಪಾಠಗಳನ್ನು ನಾವು ಎಣ್ಣೆಗಾಯಿ ಪಲ್ಯದ ಜೊತೆ ತಿಂದು ಮುಗಿಸಿದೆವೋ ಲೆಕ್ಕವಿಲ್ಲ. ಕರೆಂಟು ಬಂದರೆ ಇಬ್ಬರೂ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆವು. ಕೀಲಿಗಳ ಸಂದಿಯಲ್ಲಿ ಸದಾ ಜೋಳದ ಹಿಟ್ಟು.

ಒಂದು ವರ್ಷ ಶ್ರಾವಣಕ್ಕೆ ಮುಂಚೆ ಹಾವೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರು ಬೇಕಾಗಿದ್ದಾರೆಂದು ಸುದ್ದಿ ಬಂತು. ಅಲ್ಲಿನ ದೊಡ್ಡಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ನೀವೇ ಬರೆದ, ಯಾರಿಗಾದರೂ ಉಪಯೋಗವಾಗುವ ಒಂದು ಪ್ರೋಗ್ರಾಮನ್ನು ತಂದು ತೋರಿಸಿ ಎಂದು ಕಾಕಿಗೆ ಹೇಳಿ ಕಳಿಸಿದ್ದರು. ಆದರೆ ನಮ್ಮ ಮನೆಯ ಸೊಸೆ ದಿನಾಲು ಬಸ್ಸು ಹತ್ತಿ ಹೋಗುವುದು ಅಜ್ಜನ ಬಾಯಿಂದ ಹೂಂ ಬಂದರೆ ಮಾತ್ರ. ಅಜ್ಜ ಬೇಡ ಎನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, "ಮಠದ ಜೋಳ ಅಳೆಯೂದೈತಲ್ಲ, ಅದನ್ನ ನಿನ್ನ ಡಬ್ಬಿ ನನ್ನ ಕಣ್ಣ ಮುಂದ ಎಣಿಸಲಿ. ಆಮ್ಯಾಲೆ ಹಾವೇರಿ ಮಾತು" ಎಂದರು. ಕಾಕಿಯ ಮುಖ ಅರಳಿದ್ದು ನನಗೆ ನೆನಪಿದೆ. ಓದಿದ್ದೆಲ್ಲ ಮಸಾಲೆ ಡಬ್ಬಿಯ ತಳಕ್ಕೆ ಸೇರಿಹೋಗುತ್ತದೋ ಏನೋ ಎಂದು ಅವರು ಒಳಗೊಳಗೇ ಹೆದರಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ದಾಸೋಹಕ್ಕೆಂದು ಪ್ರತಿ ವರ್ಷ ಶ್ರಾವಣದಲ್ಲಿ ಮಠಕ್ಕೆ ಜೋಳ ಅಳೆದು ಕಳಿಸುವುದು ನಮ್ಮ ಮನೆಯ ಪದ್ಧತಿ. ಅಜ್ಜ ಮಡಿಯುಟ್ಟು ಹಿತ್ತಾಳೆಯ ಸೇರಿನಿಂದ ತಾವೇ ಅಳೆಯುತ್ತಿದ್ದರು. ಸೋಮವಾರ ಬೆಳಿಗ್ಗೆ ರಾಶಿಗೆ ಪೂಜೆಯಾಯಿತು, ಪುಣ್ಯಕ್ಕೆ ಕರೆಂಟೂ ಇತ್ತು. ಒಂದೊಂದು ಸೇರು ಚೀಲಕ್ಕೆ ಬಿದ್ದಾಗಲೂ ಗುಂಡಿ ಒತ್ತುವ ಕೆಲಸ ನನ್ನದು. ಅಜ್ಜ ಮೊದಲ ಸೇರು ಎತ್ತಿ "ಲಾಭ" ಎಂದು ಸುರಿದರು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ದೊಡ್ಡದಾಗಿ ಒಂದು ಸೊನ್ನೆ ಮೂಡಿತು.

ಕಂಪ್ಯೂಟರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ. ಕಾಕಿ ಕಲಿತದ್ದೂ ಹಾಗೆಯೇ, ಬರೆದದ್ದೂ ಹಾಗೆಯೇ. ಆದರೆ ಅದು ನಮ್ಮ ಪಡಸಾಲೆಗೆ ಹೇಗೆ ಗೊತ್ತಾಗಬೇಕು? ಅಜ್ಜನ ಕೈ ಗಾಳಿಯಲ್ಲೇ ನಿಂತಿತು. "ಸೊನ್ನಿ? ಮಠದ ಜೋಳಕ್ಕ ಮದಲನೇ ಸೇರಿಗೇ ಸೊನ್ನಿ?" ಆಯಿ "ಶಿವಾ ಶಿವಾ" ಎಂದು ಕೆನ್ನೆ ಬಡಿದುಕೊಂಡಳು. ಕಾಕಾನಿಗೆ ನಗು ತಡೆಯಲಾಗಲಿಲ್ಲ. "ತವರಮನಿ ಡಬ್ಬಿ ಅಲ್ಲೇನ, ಗಂಡನ ಮನಿ ಧಾನ್ಯ ಲೆಕ್ಕಕ್ಕ ಹಿಡಿಯೂದಿಲ್ಲದು" ಎಂದ. ಅಜ್ಜ ನಗಲಿಲ್ಲ. ಸುರಿದ ಜೋಳವನ್ನು ತಿರುಗಿ ರಾಶಿಗೆ ಹಾಕಿ, ಸೇರನ್ನು ಬೋರಲು ಇಟ್ಟು, "ಇವತ್ತ ಬ್ಯಾಡ. ಬರೂ ಸೋಮಾರ ನೋಡೋಣು" ಎಂದು ಎದ್ದುಹೋದರು.

ಕಾಕಿ ಅಡುಗೆಮನೆಗೆ ಹೋದರು. ಅಳುತ್ತಾರೆಂದುಕೊಂಡು ನಾನು ಹಿಂದೆ ಹೋದರೆ, ಅವರು ಆಗಲೇ ಹಿಟ್ಟು ಹರವಿ ಚೌಕ ಎಳೆಯುತ್ತಿದ್ದರು. "ಬಾರೇ ಸವೂ. ಎಲ್ಲಿ ತಪ್ಪೇವಿ ಹೇಳು." ಸೊನ್ನೆ ಇದ್ದಲ್ಲಿ ಒಂದು ಹಾಕಿದರಾಯಿತು ಎಂದೆ. ಅವರು ತಲೆ ಅಲ್ಲಾಡಿಸಿದರು. "ಅಜ್ಜಾರು ಅಳೆಯೂಮುಂದ ಎಂದಾರ ಒಂದು ಅಂದಾರೇನ?" ಹೌದಲ್ಲ! ನಮ್ಮ ಕಡೆ ರಾಶಿ ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಹುಟ್ಟಿದಾಗಿನಿಂದ ಕೇಳಿದ್ದೆವು, ಬರೆಯುವಾಗ ಇಬ್ಬರಿಗೂ ಹೊಳೆದಿರಲಿಲ್ಲ. "ಯಂತ್ರದ ರೀತಿ ಕಲ್ತು ಕುಂತ್ವಿ, ಮನಿಷಾರ ರೀತಿ ನೋಡ್ಲಿಲ್ಲ. ತಪ್ಪು ಇಲ್ಲೈತಿ" ಎಂದು ಕಾಕಿ ಬೆರಳನ್ನು ಹಿಟ್ಟಿನಲ್ಲಿ ಊರಿದರು. ಆ ಬೆರಳಿನ ಗುಳಿ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಆ ವಾರವೆಲ್ಲ ಕಾಕಿ ಅಜ್ಜನ ಹಿಂದೆ ಹಿಂದೆ ತಿರುಗಿದರು. ದನಕ್ಕೆ ಹಿಂಡಿ ಅಳೆಯುವಾಗ, ಅಗಸಗಿತ್ತಿಗೆ ಕಾಳು ಕೊಡುವಾಗ, ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಟ್ಟರು. "ಯಾಕ ಗಿರಿಜವ್ವ, ನಾ ಏನ್ ಕಳುವು ಮಾಡ್ತೇನಿ ಅಂದ್ಕೊಂಡಿ?" ಎಂದು ಅಜ್ಜ ಕೇಳಿಯೂ ಕೇಳಿದರು. "ಕಲ್ಯಾಕತ್ತೇನ್ರಿ ಮಾವಾರ" ಎಂದರು ಕಾಕಿ. ಅಜ್ಜ ಮೀಸೆಯಲ್ಲೇ ಏನೋ ಗೊಣಗಿಕೊಂಡರು, ಆದರೆ ಅವತ್ತಿನಿಂದ ಸ್ವಲ್ಪ ಜೋರಾಗಿ ಎಣಿಸತೊಡಗಿದರು.

ಮುಂದಿನ ಸೋಮವಾರ ಮತ್ತೆ ರಾಶಿ, ಮತ್ತೆ ಪೂಜೆ. ಅಜ್ಜ "ಲಾಭ" ಎಂದು ಸುರಿದರು, ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ಆ ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಏನಂತೈತವಾ ಅದು?" ಎಂದರು. "ಲಾಭ ಅಂತೈತಿ ಅಜ್ಜ" ಎಂದೆ. ಅಜ್ಜ ಒಂದು ಗಳಿಗೆ ಪರದೆಯನ್ನೇ ನೋಡಿದರು. "ಎರಡು" ಎಂದು ಮುಂದಿನ ಸೇರು ಎತ್ತಿದರು. ಅಳತೆ ಮುಗಿದ ಮೇಲೆ ಪದ್ಧತಿಯಂತೆ ಎರಡೂ ಕೈ ಜೋಡಿಸಿ ಒಂದು ಬೊಗಸೆ ಕೊಸರು ಹಾಕಿದರು. ಕೊಸರು ಲೆಕ್ಕಕ್ಕೆ ಸೇರುವುದಿಲ್ಲ, ಅದು ಪ್ರೀತಿಯದು. ಕಾಕಿ ಸದ್ದಿಲ್ಲದೆ ಕೈಚಾಚಿ ಬೇರೊಂದು ಗುಂಡಿ ಒತ್ತಿದರು. ಎಣಿಕೆ ಇದ್ದಲ್ಲೇ ಇತ್ತು, ಕೆಳಗೆ ಕೊಸರು ಎಂಬ ಮಾತು ಬಂತು. ನಾನು ಕೂಗಿ ಓದಿದೆ. ಅಜ್ಜನ ಹಲ್ಲಿಲ್ಲದ ಬಾಯಿ ಪೂರಾ ತೆರೆಯಿತು. "ಎಲಾ ಇದರ! ಇದಕ್ಕ ಕೊಸರೂ ಗೊತ್ತೈತಲ್ಲೋ ಬಸ್ಯಾ!" ಎಂದು ಕಾಕಾನ ಬೆನ್ನಿಗೆ ಗುದ್ದಿದರು. ನಕ್ಕು ನಕ್ಕು ಸಾಕಾದ ಮೇಲೆ, ಕೈಗೆ ಹತ್ತಿದ ಜೋಳ ಕೊಡವಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದರು: "ಹಾವೇರಿ ಬಸ್ಸು ಮುಂಜಾನೆ ಎಷ್ಟಕ್ಕೈತಿ?"

ಕಾಕಿ ಎಷ್ಟೋ ವರ್ಷ ಆ ಶಾಲೆಯಲ್ಲಿ ಕಲಿಸಿದರು. ಮಠದ ಜೋಳದ ಪ್ರೋಗ್ರಾಮನ್ನು ಪ್ರತಿ ಶ್ರಾವಣಕ್ಕೂ ಹೊಸದಾಗಿ ಬರೆಯುತ್ತಿದ್ದರು. ಚೆನ್ನಾಗಿಯೇ ಇದೆಯಲ್ಲ ಎಂದರೆ, "ಹ್ವಾದ ವರ್ಷದ್ದು ನೋಡಿದ್ರ ನಗು ಬರತೈತಿ. ನಗು ಬಂತಂದ್ರ ನಾವು ಬೆಳದೇವಿ ಅಂತ" ಎನ್ನುತ್ತಿದ್ದರು. ಈಗ ಆ ಮನೆ ಇಲ್ಲ, ಅಲ್ಲೊಂದು ಗೋದಾಮು ಎದ್ದಿದೆ. ಅಜ್ಜ, ಆಯಿ ಹೋಗಿ ಬಹಳ ಕಾಲವಾಯಿತು. ಕಾಕಿಯೂ ಹೋದರು, ದೇವರು ಅವರನ್ನು ನರಳಿಸಲಿಲ್ಲ. ಮನೆಗೆಲಸ ಮುಗಿದ ಮೇಲೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಪ್ರೋಗ್ರಾಮ್ ಬರೆಯುವುದನ್ನು ಮತ್ತೆ ಕಲಿಯುತ್ತಿದ್ದೇನೆ, ಬಿಟ್ಟಲ್ಲಿಂದ. ದಿನವೂ ಎಡವುತ್ತೇನೆ. ಸಿಟ್ಟು ಬರುವುದಿಲ್ಲ, ಅದೊಂದು ದಯೆ.

ಒಬ್ಬಳೇ ಇದ್ದಾಗ ನಾನು ಹೆಚ್ಚಾಗಿ ನೆನೆಯುವುದು ಕಾಕಿ ಹಾವೇರಿಗೆ ಪ್ರೋಗ್ರಾಮ್ ತೋರಿಸಲು ಹೋದ ದಿನದ ಸಂಜೆಯನ್ನು. ಅಜ್ಜ ನನ್ನನ್ನು ಕರೆದುಕೊಂಡು ಬಹಳ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದರು. ಬಸ್ಸು ನಿಲ್ಲುವ ಮುನ್ನವೇ ಕಿಟಕಿಯಲ್ಲಿ ಕಾಕಿಯ ನಗುಮುಖ ಕಂಡಿತು, ಕೇಳುವುದೇನೂ ಉಳಿಯಲಿಲ್ಲ. ಅವರು ಇಳಿದದ್ದೇ ಅಜ್ಜ ಅವರ ಕೈಯಲ್ಲಿದ್ದ ಚೀಲ ಕಸಿದು ತಮ್ಮ ಹೆಗಲಿಗೆ ಹಾಕಿಕೊಂಡರು. "ಅಯ್ಯ, ಮಂದಿ ನೋಡ್ತಾರ, ಕೊಡ್ರಿ ಮಾವಾರ" ಎಂದು ಕಾಕಿ ಸೆರಗು ಹೊದ್ದು ಹಿಂದೆ ಓಡಿದರು. "ನೋಡ್ಲಿ ಅಂತನ ಹೊತ್ತೇನಿ" ಎಂದರು ಅಜ್ಜ. ಮಾವ ಸೊಸೆಯ ಚೀಲ ಹೊತ್ತದ್ದನ್ನು ಅದುವರೆಗೆ ನಮ್ಮ ಪೇಟೆ ಕಂಡಿರಲಿಲ್ಲ. ಅಂಗಡಿ ಅಂಗಡಿಯಿಂದ ಜನ ಇಣುಕಿದರು. ಅಜ್ಜ ಹತ್ತಿರದ ದಾರಿ ಬಿಟ್ಟು, ಪೇಟೆಯನ್ನೆಲ್ಲ ಸುತ್ತಿಕೊಂಡು, ನಿಧಾನಕ್ಕೆ ನಮ್ಮನ್ನು ಮನೆಗೆ ಕರೆದುಕೊಂಡು ಹೋದರು.