ಹಿಡಿ ಬೇಳೆಯ ನೀಲಮ್ಮ ಕಾಕಿ

ಹೆಣ್ಣು ಕೊಡುವ ಮಾತಿಗೆ ಯಾರ ಮನೆಗೆ ಹೋದರೂ ನೀಲಮ್ಮ ಕಾಕಿ ಸೆರಗಿನ ತುದಿಗೆ ಒಂದು ಹಿಡಿ ತೊಗರಿಬೇಳೆ ಗಂಟು ಹಾಕಿಕೊಂಡೇ ಹೋಗುತ್ತಿದ್ದರು. ಕೈಚೀಲದಲ್ಲಿ ಬಟ್ಟೆ ತೊಳೆಯುವ ಸೋಪಿನ ಒಂದು ತುಂಡು. ಹುಡುಗನ ನೌಕರಿ, ಹೊಲ, ನಡತೆ ವಿಚಾರಿಸುವುದು ಪಡಸಾಲೆಯಲ್ಲಿ ಕುಳಿತ ಗಂಡಸರ ಕೆಲಸ. ಕಾಕಿ ಸೀದಾ ಅಡುಗೆಮನೆಗೆ ನಡೆದು ನಲ್ಲಿ ತಿರುವುತ್ತಿದ್ದರು. ಬೇಳೆ ಬೆಂದರೆ ಬೀಗಸ್ತನ, ಬೇಯದಿದ್ದರೆ ಶರಣು ಹೇಳಿ ಮುಂದಿನ ಬಸ್ಸು.

ಅವರು ನನ್ನ ಹೆಂಡತಿ ಕವಿತಾಳ ಚಿಕ್ಕಪ್ಪನ ಹೆಂಡತಿ. ಹುಟ್ಟಿದ್ದು ದೋರನಹಳ್ಳಿ, ಬಾಳಿದ್ದು ಶಹಾಪುರ. ಆಳು ಕುಳ್ಳು, ದನಿ ಎತ್ತರ. ಮನೆ ತುಂಬ ಹಿರಿಯರಿದ್ದರೂ ಹೆಣ್ಣುಮಕ್ಕಳ ಲಗ್ನದಲ್ಲಿ ಅವರು ಹೇಳಿದ್ದೇ ಆಗಬೇಕು. ಮನೆತನ ಆಮೇಲೆ ಕೇಳಿ, ಮೊದಲು ಬೋರಿನ ನೀರು ಕೇಳಿ ಎಂಬುದು ಅವರ ಸಿದ್ಧಾಂತ.

ನಮ್ಮ ಕಡೆಯ ಸವಳು ನೀರು ಕಂಡವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಎಷ್ಟು ತಿಕ್ಕಿದರೂ ಸೋಪಿಗೆ ನೊರೆ ಬರುವುದಿಲ್ಲ, ಒಡೆದ ಹಾಲಿನಂಥದ್ದು ಏನೋ ಕೈಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಬನಿಯನ್ನು ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ದಿನಾ ಮಿಂದವರ ತಲೆಗೂದಲು ಉದುರುತ್ತದೆ. ಹೊಸ ಸ್ಟೀಲಿನ ಕೊಡ ವರ್ಷ ತುಂಬುವುದರೊಳಗೆ ವಿಭೂತಿ ಬಳಿದುಕೊಂಡು ಸನ್ಯಾಸಿಯಾಗುತ್ತದೆ. ಕಾಕಿಯ ಮನೆಯಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲಿಗೆ ಸುಣ್ಣದಂಥ ಹೆರೆ ಕಟ್ಟಿ ಕಟ್ಟಿ ಅದು ಮುಲ್ಲಂಗಿಯಷ್ಟು ದಪ್ಪವಾಗಿತ್ತಂತೆ. ಅವರು ಅದನ್ನು ಒರಳಿನ ಮೇಲಿಟ್ಟು ಕುಟ್ಟಿದರು. ಹೆರೆಯೂ ಹೋಯಿತು, ಕಾಯಿಲೂ ಹೋಯಿತು. ಕಾಕಾ ರೇಗಾಡುತ್ತಿದ್ದರೆ ಕಾಕಿ ಆ ಬಿಳಿ ಪುಡಿಯನ್ನು ಜರಡಿ ಹಿಡಿದು, ಮರುದಿನ ಬಾಗಿಲ ಮುಂದೆ ಅದರಲ್ಲೇ ರಂಗೋಲಿ ಹಾಕಿದರು. ನೀರು ಇಷ್ಟು ದಿನ ನಮ್ಮಿಂದ ತಿಂದದ್ದರಲ್ಲಿ ಇಷ್ಟಾದರೂ ವಾಪಸು ಬಂತಲ್ಲ ಎಂದು ಅಕ್ಕಪಕ್ಕದವರನ್ನು ಕರೆದು ತೋರಿಸಿದರಂತೆ.

ಕವಿತಾಳಿಗೆ ನನಗಿಂತ ಮೊದಲು ಯಾದಗಿರಿಯ ಒಂದು ಸಂಬಂಧ ಬಂದಿತ್ತು. ಆ ಮನೆಯಲ್ಲಿ ಅವತ್ತು ನಲ್ಲಿ ಬಂದಿರಲಿಲ್ಲ, ನೀರು ಪರೀಕ್ಷಿಸುವ ದಾರಿ ಇರಲಿಲ್ಲ. ಕಾಕಿ ಪಡಸಾಲೆಗೆ ಬಂದು, ಸಾಲಾಗಿ ಕುಳಿತಿದ್ದ ಹುಡುಗನ ಅಪ್ಪ ಮತ್ತು ದೊಡ್ಡಪ್ಪಂದಿರಿಗೆ ಟೊಪ್ಪಿಗೆ ತೆಗೆಯಲು ಹೇಳಿದರು. ಇದೇನೋ ಶಹಾಪುರದ ಪದ್ಧತಿ ಇರಬೇಕೆಂದು ಅವರು ಪಾಪ ತೆಗೆದರು. ಒಂದು ತಲೆಯಲ್ಲೂ ಔಷಧಕ್ಕೆಂದರೂ ಒಂದು ಕೂದಲಿರಲಿಲ್ಲ. ಹುಡುಗ ತನಗೆ ಗೊತ್ತಿಲ್ಲದಂತೆಯೇ ತನ್ನ ದಟ್ಟ ಕ್ರಾಪಿನ ಮೇಲೆ ಕೈ ಇಟ್ಟುಕೊಂಡನಂತೆ. ಹೊರಗೆ ಬಂದ ಮೇಲೆ ಕಾಕಿ ಹೇಳಿದ್ದು ಇಷ್ಟೇ:

“ನೀರು ನೋಡೂದೇನು ಬ್ಯಾಡ. ಹುಡುಗನ ತಲಿ ಇನ್ನಾ ದಾರ್ಯಾಗದ, ಅಷ್ಟಽ.”

ಈ ಸುದ್ದಿ ಸುರಪುರದ ನಮ್ಮ ಮನೆಗೆ ಮುಟ್ಟಿದಾಗ ನಾನು ಎದ್ದು ಹೋಗಿ ನಮ್ಮ ನಲ್ಲಿ ತಿರುವಿ ನೋಡಿದೆ. ನಾನಾಗಲೇ ಶಹಾಪುರಕ್ಕೆ ಹೋಗಿ ಕವಿತಾಳನ್ನು ನೋಡಿ ಬಂದಿದ್ದೆ. ಚಹಾ ಕೊಡುವಾಗ ನಾನು ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದು ಕಂಡು ಅವಳು ನಕ್ಕಿದ್ದಳು. ಆ ನಗುವಿಗೆ ಮಾಸ್ತರನಾದ ನನಗೆ ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಅವಳ ಹೆಸರೇ ಬಾಯಿಗೆ ಬರುವ ಹಾಗಾಗಿತ್ತು. ಲಗ್ನವಾದರೆ ಇವಳನ್ನೇ ಎಂದು ಅವ್ವನಿಗೆ ಹೇಳಿಯೂ ಬಿಟ್ಟಿದ್ದೆ. ಈಗ ಎಲ್ಲ ನಮ್ಮ ನಲ್ಲಿಯ ಕೈಯಲ್ಲಿತ್ತು. ನಮ್ಮ ನಲ್ಲಿಯ ಯೋಗ್ಯತೆ ನನಗೆ ಗೊತ್ತಿತ್ತು.

ಅವ್ವ ಸುಮ್ಮನೆ ಕೂಡುವವಳಲ್ಲ. ಬಕೆಟ್ಟು, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕುಡಿಯಲು ತರಿಸುವ ಫಿಲ್ಟರ್ ನೀರಿನ ಕ್ಯಾನುಗಳನ್ನು ಅಡುಗೆಮನೆಯ ಕೊಡಗಳಿಗೆಲ್ಲ ಬಗ್ಗಿಸಿ, ಖಾಲಿ ಕ್ಯಾನುಗಳನ್ನು ಮಂಚದ ಕೆಳಗೆ ಬಚ್ಚಿಟ್ಟಳು. ಆದರೆ ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಹೆರೆ ಏನು ಕೆತ್ತಿದರೂ ಹೋಗಲಿಲ್ಲ. ಕೊನೆಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ದಂಡೆ ಸುತ್ತಿ, ಗಂಗವ್ವನ ಪೂಜೆ ಎಂದು ಹೆಸರಿಟ್ಟಳು.

ಕಾಕಿ ಬಂದರು. ನಲ್ಲಿಯ ಮುಂದೆ ನಿಂತು ಭಕ್ತಿಯಿಂದ ಕೈ ಮುಗಿದರು. ಆಮೇಲೆ ದಂಡೆಯನ್ನು ಎರಡು ಬೆರಳಿನಿಂದ ಸರಿಸಿ ಒಳಗೆ ಇಣುಕಿದರು.

“ಗಂಗವ್ವಗ ಗಡ್ಡ ಬಂದದಲ್ರೀ, ಬೀಗತಿ.”

ಅವ್ವ ಕೊಡದ ನೀರು ತೆಗೆದುಕೊಳ್ಳಲು ಎಷ್ಟು ಒತ್ತಾಯ ಮಾಡಿದರೂ ಕೇಳಲಿಲ್ಲ. ನಲ್ಲಿಯಿಂದ ತಾವೇ ಹಿಡಿದರು. ಸೋಪು ತಿಕ್ಕಿ ನೋಡಿದರು, ತಿಕ್ಕಿದ್ದೇ ಬಂತು. ಸೆರಗಿನ ಗಂಟು ಬಿಚ್ಚಿ ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಯಾರಾದರೂ ಸೋಡಾ ಬೆರೆಸಿಯಾರು ಎಂದು ಅದರ ಮುಂದೆಯೇ ಮಣೆ ಹಾಕಿಕೊಂಡು ಕುಳಿತರು. ಪಡಸಾಲೆಯಲ್ಲಿ ಕವಿತಾಳ ಅಪ್ಪನ ಮುಂದೆ ನಾನು ಕೈಕಟ್ಟಿ ಕುಳಿತಿದ್ದೆ. ಕುಕ್ಕರು ಸೀಟಿಯ ಮೇಲೆ ಸೀಟಿ ಹೊಡೆಯುತ್ತಿತ್ತು. ಸೀಟಿ ಹೆಚ್ಚಾದಷ್ಟೂ ಕವಿತಾ ದೂರ ಹೋಗುತ್ತಿದ್ದಾಳೆ ಎನಿಸಿತು.

ಕೊನೆಗೆ ಕಾಕಿ ಒಂದು ತಾಟಿನಲ್ಲಿ ರೊಟ್ಟಿ, ಬಟ್ಟಲಲ್ಲಿ ಆ ಬೇಳೆ ಹಾಕಿಕೊಂಡು ಬಂದು ನನ್ನ ಮುಂದಿಟ್ಟರು. ಎಲ್ಲರೂ ನೋಡುತ್ತಿದ್ದರು. ನಾನು ಉಂಡೆ. ಬೆಳಿಗ್ಗೆಯಿಂದ ಆತಂಕದಲ್ಲಿ ಏನೂ ತಿಂದಿರಲಿಲ್ಲ, ಹಸಿವು ಬೇರೆ. ಬಟ್ಟಲು ಖಾಲಿ ಮಾಡಿ ಇನ್ನಷ್ಟು ಕೇಳಿದೆ.

“ಮಾಸ್ತರ, ಖರೆ ಹೇಳ್ರಿ. ಬ್ಯಾಳಿ ಬೆಂದದೇನು?”

“ಬೆಂದದರಿ. ನಮ್ಮ ಮನ್ಯಾಗ ದಿನಾ ಹಿಂಗೇ ಇರ್ತದ.”

ಬಾಗಿಲ ಮರೆಯಲ್ಲಿದ್ದ ಅವ್ವ ಹಣೆ ಬಡಿದುಕೊಂಡಳು. ನನ್ನ ತಪ್ಪೇನೆಂದು ನನಗೆ ತಿಳಿಯಲಿಲ್ಲ. ದೇವರಾಣೆಗೂ ತೊಗರಿಬೇಳೆಯೆಂದರೆ ಕಡಲೆಯ ಹಾಗೆ ಅಗಿದು ನುಂಗುವ ಪದಾರ್ಥವೆಂದೇ ನಾನು ಅಲ್ಲಿಯವರೆಗೆ ನಂಬಿದ್ದೆ. ಹುಟ್ಟಿದಾಗಿನಿಂದ ಬೇರೆ ಥರದ್ದು ನನ್ನ ತಾಟಿಗೆ ಬಿದ್ದಿರಲಿಲ್ಲ.

ಕವಿತಾಳ ಅಪ್ಪ ಎದ್ದು ಚಪ್ಪಲಿಗಾಗಿ ನೋಡತೊಡಗಿದರು. ಬೇಳೆ ಬೇಯದ ಮನೆಯಲ್ಲಿ ಮಾತು ಮುಂದುವರಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಾಕಿ ಮಾತ್ರ ನನ್ನ ಖಾಲಿ ಬಟ್ಟಲನ್ನು ಎತ್ತಿ ಅವರಿಗೆ ತೋರಿಸಿದರು.

“ಕೂಡ್ರಿ ಭಾವಾರ. ನೀರು ನಪಾಸು, ಹುಡುಗ ಪಾಸು. ಹಸಿ ಬ್ಯಾಳಿ ಉಂಡು ಹೆಣ್ಮಗಳಿಗಿ ಒಂದು ಮಾತು ಅನ್ನಲಾರದವ ನಿಮಗ ಎಲ್ಲಿ ಸಿಗ್ತಾನ? ಸಕ್ರಿ ತರಸ್ರಿ.”

ಸಕ್ಕರೆ ಹಂಚಿದರು, ಸಂಬಂಧ ಗಟ್ಟಿಯಾಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಕಾರಣ ಮಾತ್ರ ಅರ್ಥವಾಗಲಿಲ್ಲ. ಅದನ್ನು ಕವಿತಾ ಲಗ್ನವಾದ ಮೇಲೆ ಹೇಳಿದಳು. ದೋರನಹಳ್ಳಿಯ ಬಾವಿಯ ಸಿಹಿನೀರಿನಲ್ಲಿ ಅಡುಗೆ ಕಲಿತ ಕಾಕಿ ಹೊಸ ಸೊಸೆಯಾಗಿ ಶಹಾಪುರಕ್ಕೆ ಬಂದು ಮೊದಲ ದಿನ ಮಾಡಿದ ಬೇಳೆ ಬೇಯಲಿಲ್ಲ. ಕಾಕಾ ತಾಟು ಸರಿಸಿ ಎದ್ದು ಹೋದರು. ಅತ್ತೆ, ಬೇಳೆ ಬೇಯಿಸುವುದು ಕಲಿತು ಬಾ ಎಂದು ತವರಿಗೆ ಕಳಿಸಿದರು. ತವರಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು, ಕಲಿತಾಯಿತೆಂದು ತವರಿನವರು ವಾಪಸು ಕಳಿಸಿದರು. ಇಲ್ಲಿ ಮತ್ತೆ ಕಲ್ಲು. ಹೀಗೆ ಆ ಹುಡುಗಿ ಬಸ್ಸಿನಲ್ಲಿ ಅತ್ತ ಇತ್ತ ಓಡಾಡಿದ್ದೇ ಓಡಾಡಿದ್ದು. ಅತ್ತೆಯ ಬೇಳೆ ಮಾತ್ರ ಬೇಯುತ್ತಿತ್ತು, ಏಕೆಂದರೆ ಅವರು ಸೊಸೆಗೆ ತೋರಿಸದೆ ಚಿಟಿಕೆ ಸೋಡಾ ಹಾಕುತ್ತಿದ್ದರು. ಎಲ್ಲರೂ ಸೊಸೆಯ ಕೈ ಸರಿಯಿಲ್ಲ ಎಂದರು, ನೀರು ಸರಿಯಿಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಇದನ್ನು ಕೇಳುವಾಗ ಮೊದಲು ನಕ್ಕೆ, ಆಮೇಲೆ ನಗಲಾಗಲಿಲ್ಲ.

ಕಾಕಿ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಹೋದ ವರ್ಷ, ಬೇಸಿಗೆಯಲ್ಲಿ. ಮೈ ಇಳಿದಿತ್ತು, ಹಲ್ಲುಗಳೂ ಬಹುಪಾಲು ಹೋಗಿದ್ದವು. ಅವತ್ತು ಫಿಲ್ಟರ್ ನೀರಿನ ಗಾಡಿ ಬರಲಿಲ್ಲ. ಮನೆಯಲ್ಲಿ ಸೋಡಾ ಕೂಡ ಮುಗಿದಿತ್ತು. ಕವಿತಾ ನಲ್ಲಿ ನೀರಿನಲ್ಲೇ ಬೇಳೆಗಿಟ್ಟು, ಕುಕ್ಕರು ತೆರೆದು ನೋಡಿ, ಅಳುವ ಮುಖ ಮಾಡಿಕೊಂಡು ಬಡಿಸಿದಳು. ಅಷ್ಟರೊಳಗೆ ನನಗೂ ಬೆಂದ ಬೇಳೆ ಯಾವುದು, ಹಸಿ ಬೇಳೆ ಯಾವುದು ಎಂದು ತಿಳಿಯುತ್ತಿತ್ತು. ಕಾಳು ಕಾಳಾಗಿ ಬಾಯಿಗೆ ಸಿಗುತ್ತಿತ್ತು.

ಅಗಿಯಲು ಹಲ್ಲಿಲ್ಲದ ಕಾಕಿ ಒಂದೊಂದೇ ತುತ್ತನ್ನು ನೀರು ಕುಡಿದು ನುಂಗಿದರು. ಬಟ್ಟಲು ಬರಿದಾದ ಮೇಲೆ ಅದನ್ನು ಕವಿತಾಳ ಕಡೆ ಸರಿಸಿದರು.

“ಛಲೋ ಬೆಂದದವ್ವ. ಇನ್ನಾ ಒಂದೀಟು ಹಾಕು.”

ಶಹಾಪುರಕ್ಕೆ ಮರಳಿದ ಮೇಲೆ ಅವರು ಬಹಳ ದಿನ ಬದುಕಲಿಲ್ಲ. ಬೇಳೆಯ ವಿಷಯದಲ್ಲಿ ನೀಲಮ್ಮ ಕಾಕಿ ಸುಳ್ಳು ಹೇಳಿದ್ದು ಅದೊಂದೇ ಸಲ.